ಗುಡಿ ಕಟ್ಟಿ ಮ್ಯಾಲಿನ ಸಮಾನತೆ

ಗೆಳೆಯರೇ, ಹೊಳಗುಂದದ ಕಡೆಯಿಂದ ಆದೋನಿಗೆ ವಾಪಸ್ ಬರೋ ಬಸ್ಸಿನಾಗ ಕುಂತು ಬರಿಯಾಕತ್ತೀನಿ.

ನಾವು ಲಾ ಓದೋರು ಇವತ್ತು ಒಂದು ಊರಾಗ "ಕಾನೂನಿನ ಮುಂದೆ ಎಲ್ಲರೂ ಸಮಾನರು" ಅಂತ ಶಿಬಿರ ಇಟ್ಟಿದ್ವಿ. ನೆರಳು ಐತಿ ಅಂತ ಗುಡಿ ಕಟ್ಟಿ ಮ್ಯಾಲೆ ಬ್ಯಾನರ್ ಕಟ್ಟಿದ್ವಿ. ಅದೇ ತಪ್ಪಾತು. ದಲಿತರ ಕೇರಿಯವರು ಬಂದು ರಸ್ತೆ ಆ ಕಡಿಗೆ, ಬಿಸಿಲಾಗ ನಿಂತ್ರು. ಕಟ್ಟಿ ಹತ್ತಲಿಲ್ಲ.

"ಮ್ಯಾಲೆ ಬರ್ರಿ" ಅಂತ ಕರದೆ. ಊರ ಹಿರ್ಯಾರೊಬ್ರು ನಕ್ಕೋತ, "ಪರವಾಲೇದು, ಇರ್ಲಿ ಬಿಡಮ್ಮ, ಮೈಕ್ ಐತಲ್ಲ. ಅಲ್ಲಿಗೂ ಕೇಳಸ್ತೈತಿ" ಅಂದ್ರು.

ನನಗ ಸಿಟ್ಟು ಬಂತು. ಇಳದು ಹೋಗಿ, ಮುಂದ ನಿಂತಿದ್ದ ಒಬ್ಬ ಅಕ್ಕನ ಕೈ ಹಿಡದು ಕರಕೊಂಡು ಬಂದು, ಕಟ್ಟಿ ಮ್ಯಾಲೆ ಕುಂದ್ರಿಸಿದೆ. ನನ್ನ ಗೆಳತ್ಯಾರು ಚಪ್ಪಾಳಿ ಹೊಡದ್ರು. ಆಕಿ ತಲಿ ಎತ್ತಲಿಲ್ಲ. "ನೀವು ಸಂಜಿ ಬಸ್ಸಿಗೆ ಹೋಗ್ತೀರವ್ವ" ಅಂದ್ಲು, ಅಷ್ಟೇ.

ಹೊರಡೋ ಮುಂದ ಅದೇ ಹಿರ್ಯಾರು ನನಗ ಚಹಾ ಕೊಟ್ಟು, ಭಾಳ ಮೆತ್ತಗ ಹೇಳಿದ್ರು: "ಆಕಿ ಗಂಡ ನಮ್ಮ ಹೊಲಕ್ಕೇ ಕೂಲಿಗೆ ಬರ್ತಾನಮ್ಮ. ನಾಳೆ ಮಾತಾಡ್ತೀನಿ ಅವನ ಕೂಡ."

ಚಹಾ ಅಲ್ಲೇ ಇಟ್ಟೆ. ಓಡಿಹೋಗಿ ಆ ಅಕ್ಕಗ ನನ್ನ ನಂಬರ್ ಕೊಟ್ಟು, "ಏನರ ತೊಂದ್ರಿ ಆದ್ರ ಫೋನ್ ಮಾಡ್ರಿ" ಅಂದು ಬಸ್ ಹತ್ತೀನಿ.

ಪುಕ್ಕಟೆ ಕಾನೂನು ಸಲಹೆ ಕೊಡಾಕ ಹೋದಾಕಿ ನಾನು. ಈಗ ಫೋನ್ ಕೈಯಾಗ ಹಿಡಕೊಂಡು, ಇದು ರಿಂಗ್ ಆಗದೇ ಇರ್ಲಪ್ಪ ಅಂತ ಅದೇ ಗುಡಿ ದೇವರಿಗೆ ಕೈ ಮುಗಿಯಾಕತ್ತೀನಿ.