ಅಂಗಡಿಯಲ್ಲೇ ನೀರು ಸುರಿದ ಅಮ್ಮ

ಗೆಳತಿಯರೇ, ನಾನೂ ನಿಮ್ಮ ಜೊತೆ ಬೆಟ್ಟ ಹತ್ತೋ ಆಸೆ ಇವತ್ತು ಮತ್ತೆ ಚಿಗುರಿದೆ. "ನಾಲ್ಕೈದು ದಿನ ಮಳೇಲಿ ನೆಂದು ಜ್ವರ ಬಂದ್ರೆ ಅಲ್ಲಿ ಯಾರು ನೋಡ್ಕೋತಾರೆ?" ಅಂತ ಅಪ್ಪ ಬೇಡ ಅಂದಿದ್ದರಲ್ಲ, ಅದಕ್ಕೇ ಬದಲಿಸೋ ಬಟ್ಟೆಯಾದರೂ ಒಣಗಿರಲಿ ಅಂತ ನೀರಿಳಿಯದ ದೊಡ್ಡ ಬೆನ್ನುಚೀಲ ಹುಡುಕಿಕೊಂಡು ಅಮ್ಮನ ಜೊತೆ ಜಯನಗರದ ಹೊಸ ಅಂಗಡಿಗೆ ಹೋಗಿದ್ದೆ.

ಅಂಗಡಿಯವರು ಮಿಲಿಟರಿ ಕ್ಯಾನ್ವಾಸಿನ ಚೀಲ ತೋರಿಸಿ, "ಒಂದು ಹನೀನೂ ಒಳಗೆ ಹೋಗಲ್ಲ ತಾಯಿ" ಅಂದರು. ಅಮ್ಮ ತನ್ನ ಕರವಸ್ತ್ರವನ್ನು ಚೀಲದೊಳಗಿಟ್ಟು, ಪಟ್ಟಿ ಬಿಗಿದು, ಅಲ್ಲೇ ಇದ್ದ ಹೂಜಿಯ ನೀರನ್ನೆಲ್ಲ ಅದರ ಮೇಲೆ ಸುರಿದಳು!

"ಅಯ್ಯೋ, ಏನಮ್ಮಾ ಇದು!" ಅಂತ ಅವರು ಕೂಗಿಕೊಂಡರು. ಬಿಚ್ಚಿ ನೋಡಿದರೆ ಕರವಸ್ತ್ರದ ಅಂಚು ಕೂಡ ಒದ್ದೆಯಾಗಿರಲಿಲ್ಲ.

ಅಮ್ಮ ಚೀಲವನ್ನು ತನ್ನ ಬೆನ್ನಿಗೇರಿಸಿ, ಕನ್ನಡಿ ಮುಂದೆ ಒಂದು ಸುತ್ತು ತಿರುಗಿ, "ಇಂಥದ್ದೇ ಇನ್ನೊಂದಿದೆಯಾ?" ಅಂತ ಕೇಳಿದಳು.

ಇನ್ನು ಅಪ್ಪ ಯಾರ್ಯಾರಿಗೆ ಬೇಡ ಅಂತಾರೋ ನೋಡೋಣ.