ನನ್ನನ್ನು ನಡೆಯಲು ಬಿಡಿ

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ನನ್ನ ಬಲಗೈ ಇದ್ದಕ್ಕಿದ್ದಂತೆ ಸತ್ತಂತಾಯಿತು. ಸ್ವಲ್ಪ ಹೊತ್ತಿಗೆ ಸರಿಹೋಯಿತು, ಆದರೂ ಯಜಮಾನರು ಬಿಡದೆ ಡಾಕ್ಟರ ಹತ್ತಿರ ಕರೆದೊಯ್ದರು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಪೆಡಸಾಗುತ್ತಿವೆ, ಇದು ಎಚ್ಚರಿಕೆ ಎಂದರು ಡಾಕ್ಟರು. ಬಿಪಿ ಗುಳಿಗೆ ತಪ್ಪಿಸಬಾರದು, ದಿನಾ ಚುರುಕಾಗಿ ನಡೆಯಬೇಕು, ನಡೆದರೆ ನಾಳಗಳಿಗೆ ಒಳ್ಳೆಯದು. ನನ್ನ ಜೀವವೇ ಹಾರಿಹೋಯಿತು. ಭಾಲ್ಕಿಯಲ್ಲಿರುವ ನನ್ನಕ್ಕನಿಗೆ ಲಕ್ವಾ ಹೊಡೆದು ವರ್ಷವಾಗಿತ್ತು.

ಮರುದಿನವೇ ನಡೆಯಲು ಹೊರಟೆ. ಆದರೆ ಬೀದರಿನಲ್ಲಿ ನಿವೃತ್ತ ಟೀಚರ್ ನಡೆದು ಹೋಗುವುದುಂಟೇ! ನನ್ನ ಕೈಯಲ್ಲಿ ಅಕ್ಷರ ಕಲಿತವರು, ಏಟು ತಿಂದವರು ಊರ ತುಂಬ ಇದ್ದಾರೆ. ಒಬ್ಬ ಬೈಕ್ ನಿಲ್ಲಿಸುತ್ತಾನೆ, ಇನ್ನೊಬ್ಬ ಆಟೋ. “ಹತ್ರಿ ಟೀಚರ್, ನೀವು ನಡಕೋತ ಹೋದ್ರ ನಮ್ಮ ಮರ್ಯಾದಿ ಏನ್ ಉಳಿತದ್ರಿ?” ಬೇಡವೆಂದರೆ ಮುಖ ಸಣ್ಣದು ಮಾಡುತ್ತಾರೆ. ಹತ್ತಿದರೆ ಮನೆ ಬಾಗಿಲಿಗೇ ತಂದು ಇಳಿಸುತ್ತಾರೆ. ಹೋದ ಪುಟ್ಟ, ಬಂದ ಪುಟ್ಟ ಎಂದು ಯಜಮಾನರಿಗೆ ನಗುವೋ ನಗು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಭಾನುವಾರ ಭಾಲ್ಕಿಗೆ ಹೋದೆ. ಅಕ್ಕ ಸೊಸೆಯ ಭುಜ ಹಿಡಿದು ಅಂಗಳದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ನನ್ನ ಪಾಡು ಹೇಳಿ ನಗಿಸಲು ನೋಡಿದೆ. ಆಕೆ ನಗಲಿಲ್ಲ. ತೊಡರುವ ನಾಲಿಗೆಯಲ್ಲಿ ಒಂದೊಂದೇ ಮಾತು ಹೊರಹಾಕಿದಳು: “ನನಗ ಯಾರೂ ಮೊದ್ಲ ಹೇಳಲಿಲ್ಲ. ನಿನಗ ಹೇಳ್ಯಾರ. ಮಂದಿ ಮುಖ ನೋಡಕೋತ ಕೂಡ್ತಿ ಏನ?”

ಬೀದರಿಗೆ ಮರಳಿದ ಮರುದಿನ ಮುಂಜಾನೆ, ದಿನಾ ಹತ್ತಿಸಿಕೊಳ್ಳುತ್ತಿದ್ದ ಅದೇ ಆಟೋದವನು ಮತ್ತೆ ನಿಲ್ಲಿಸಿದ. ಈ ಸಲ ನಾನು ಸುತ್ತಿ ಬಳಸಿ ಮಾತಾಡಲಿಲ್ಲ. “ನಮ್ಮಕ್ಕಗ ಲಕ್ವಾ ಹೊಡದದಪಾ. ನನಗೂ ಹೊಡಿಬಾರ್ದಂದ್ರ ನಾ ನಡೀಬೇಕು. ನನ್ನ ಮ್ಯಾಲ ಜೀವ ಇದ್ರ ಬಿಡು ನನ್ನ.”

ಅವನು ಪೆಚ್ಚಾಗಿ ಎಂಜಿನ್ ಆರಿಸಿದ. ಆಮೇಲೆ ಮೆಲ್ಲಗೆ ಹೇಳಿದ: ತನ್ನ ತಾಯಿಗೂ ಬಿಪಿ ಇದೆ, ಔರಾದಿನಿಂದ ಇಲ್ಲಿಗೆ ಕರೆತಂದ ಮೇಲೆ ಆಕೆಯನ್ನು ನಡೆಯಗೊಟ್ಟೇ ಇಲ್ಲ, ಗುಡಿಗೂ ಆಟೋದಲ್ಲೇ ಒಯ್ಯುತ್ತಾನೆ. ನಾಳೆ ನನ್ನ ಜೊತೆ ಕಳಿಸಲೇ ಎಂದು ಕೇಳಿದ.

ಮರುದಿನ ತಾಯಿಯನ್ನು ನಮ್ಮ ಮನೆ ಮುಂದೆ ಇಳಿಸಿ ಹೋದ. ಆಯುಷ್ಯವಿಡೀ ಹೊಲ ತುಳಿದ ಆ ಹೆಣ್ಣುಮಗಳಿಗೆ ಮೊದಲ ತಿರುವಿಗೇ ದಮ್ಮು ಹತ್ತಿತು. ಕಟ್ಟೆಯ ಮೇಲೆ ಕೂರಿಸಿ, ಇವತ್ತಿಗೆ ಸಾಕೇ ಎಂದೆ. ಅವರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಮಗ ಬಾಳ ಛಲೋ ಅದಾನ್ರಿ. ನನಗ ಕಾಲು ಇದ್ದದ್ದ ಮರಸಿಬಿಟ್ಟಿದ್ದ,” ಎಂದು ನನಗಿಂತ ಮುಂದೆ ನಡೆದರು.