ಬಾವಿಯಲ್ಲಿ ಕಲಿತ ಉಸಿರು

ಸಾವಳಗಿಯ ಸುತ್ತಮುತ್ತ ಯಾರ ಬಾವಿಗೆ ಏನೇ ಬಿದ್ದರೂ ಮೊದಲು ಪಾತಾಳಗರಡಿ ಇಳಿಯುತ್ತಿತ್ತು. ಅದರ ಕೊಕ್ಕೆಗೆ ಸಿಗದಿದ್ದರೆ ಬಸವಕುಮಾರ ಇಳಿಯುತ್ತಿದ್ದ. ಕೊಡ, ಹಗ್ಗ ಹರಿದ ಮೋಟರು, ಒಮ್ಮೆ ಯಾರೋ ಮದುಮಗಳ ಕಾಲುಂಗುರ, ಎಲ್ಲವನ್ನೂ ಅವನು ಎತ್ತಿ ಕೊಟ್ಟಿದ್ದ. ಅವನು ಮುಳುಗು ಹೊಡೆದನೆಂದರೆ ದಂಡೆಯ ಮೇಲಿನವರು ಬೀಡಿ ಹಚ್ಚಿ, ಅರ್ಧ ಸೇದಿ, 'ಹ್ವಾದನೇನಪಾ ಇಂವ' ಎಂದು ಮುಖ ಮುಖ ನೋಡಿಕೊಳ್ಳುವ ಹೊತ್ತಿಗೆ ಮೇಲೆ ಬರುತ್ತಿದ್ದ. ಸಾಲಿ ಅಷ್ಟಕ್ಕಷ್ಟೇ, ಕಬ್ಬಿನ ಕೆಲಸಕ್ಕೆ ಕರೆದರೆ ಸೊಂಟನೋವು. ಇದೊಂದನ್ನು ಬಿಟ್ಟರೆ ಊರು ಹೊಗಳುವಂಥದ್ದು ಅವನಲ್ಲಿ ಮತ್ತೇನೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಈ ವಿದ್ಯೆಯನ್ನು ಕೊಟ್ಟವನು ಅಪ್ಪ ಅಣ್ಣಾಸಾಹೇಬ. ತಮ್ಮ ಹೊಲದ ಕಲ್ಲುಬಾವಿಗೆ ಹಿತ್ತಾಳೆಯ ತಂಬಿಗೆ ಒಗೆದು 'ತಗೊಂಬಾ' ಎನ್ನುವುದೇ ಪಾಠ. ಪಾಠದ ಸೂತ್ರವೂ ಒಂದೇ. "ನೀರಾಗ ಬಾಯಿ ತಗದಾಂವ ಕೆಟ್ಟ. ಉಸರ ಬಿಗಿಹಿಡಿ. ಮ್ಯಾಲ ಬಂದಿಂದ ಬಿಡು." ಅಣ್ಣಾಸಾಹೇಬ ಮಗನನ್ನು ಎದುರಿಗೆ ಹೊಗಳಿದವನಲ್ಲ. ತಂಬಿಗೆ ಕೈಗೆ ಬಂದರೆ ಅದನ್ನೇ ಮತ್ತೆ ಒಗೆಯುತ್ತಿದ್ದ.

ಬಸವಕುಮಾರ ಗೆಳೆಯರ ಜೊತೆ ಮುರ್ಡೇಶ್ವರಕ್ಕೆ ಹೋದಾಗ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವವರನ್ನು ಕಂಡ. ನೀರಲ್ಲಿ ಮುಳುಗಲು ಮಂದಿ ರೊಕ್ಕ ಕೊಡುತ್ತಾರೆಂಬುದೇ ಅವನಿಗೆ ಮೋಜೆನಿಸಿತು. ಗೆಳೆಯರು ಊರಿಗೆ ಬಂದರು, ಅವನು ಬರಲಿಲ್ಲ. ದೋಣಿಯಲ್ಲಿ ಸಿಲಿಂಡರ್ ಹೊರುವ ಕೆಲಸದಿಂದ ಶುರುಮಾಡಿ, ಪ್ರವಾಸಿಗಳ ಪಕ್ಕದಲ್ಲಿ ಈಸುವ ಜೊತೆಗಾರನಾದ. ಕೊನೆಗೆ ಬೇರೆಯವರಿಗೆ ಕಲಿಸುವ ಶಿಕ್ಷಕನಾಗುವ ತರಬೇತಿಗೂ ಸೇರಿದ. ಅದರಲ್ಲಿ ಪಾಸಾದರೆ ಮಾಸ್ತರ, ಇಲ್ಲದಿದ್ದರೆ ಜೀವಮಾನವಿಡೀ ಸಿಲಿಂಡರ್ ಹೊರುವವ.

ತರಬೇತಿ ಕೊಡುವಾಕೆ ಮೃಣ್ಮಯಿ. ಸಾವಳಗಿಗೆ ಹತ್ತಿರದ ಜಮಖಂಡಿಯ ಹುಡುಗಿ, ಇವನಿಗಿಂತ ಐದಾರು ವರ್ಷ ದೊಡ್ಡವಳು. ಮನೆಯಲ್ಲಿ ಮರಾಠಿ, ಪ್ರವಾಸಿಗಳ ಜೊತೆ ಇಂಗ್ಲಿಷ್, ಬೈಯುವುದಕ್ಕೆ ಮಾತ್ರ ಜಮಖಂಡಿಯ ಕನ್ನಡ. ಪರೀಕ್ಷೆಯ ದಿನ ಅವಳು ಇನ್ನೊಬ್ಬನಿಗೆ ಹೇಳಿಕೊಟ್ಟು, ನೀರಿನಡಿ ಗಾಬರಿಯಾದಂತೆ ನಟಿಸಿ ಬಾಯಲ್ಲಿನ ಉಸಿರುನಳಿಕೆಯನ್ನು ಕಿತ್ತೆಸೆಯುವಂತೆ ಮಾಡಿದಳು. ಬಸವಕುಮಾರ ತನ್ನ ನಳಿಕೆಯನ್ನೇ ಅವನ ಬಾಯಿಗಿಟ್ಟ. ಇಂಥ ಹೊತ್ತಿಗೆಂದೇ ಇರುವ ಮತ್ತೊಂದು ನಳಿಕೆ ತನ್ನ ಪಕ್ಕದಲ್ಲೇ ಜೋತಾಡುತ್ತಿದ್ದರೂ ಅದರ ನೆನಪೇ ಆಗದೆ, ತುಟಿ ಬಿಗಿದುಕೊಂಡು ಅವನನ್ನು ಮೇಲಕ್ಕೆ ತಂದ. ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಮೃಣ್ಮಯಿ ಫೇಲ್ ಮಾಡಿದಳು.

"ಯಾಕ್ರೀ ಮೇಡಂ? ಅಂವನ್ನ ಉಳಿಸಿದ್ನೆಲ್ಲಾ?"

"ನಿಮ್ಮ ಬಾಯಿಂದ ಒಂದ ಗುಳ್ಳಿ ಬರ್ಲಿಲ್ಲ, ಬಸವಕುಮಾರ. ಮ್ಯಾಲ ಬರೂಮಟಾ ಉಸರ ಹಿಡಕೊಂಡಿದ್ರಿ."

"ನಮ್ಮಪ್ಪ ಹಂಗ ಕಲಿಸ್ಯಾನ್ರಿ."

"ನಿಮ್ಮಪ್ಪ ಹೇಳಿದ್ದು ಸುಳ್ಳಲ್ರಿ. ಮ್ಯಾಲಿಂದ ತಗೊಂಡು ಇಳದ ಉಸರಿಗೆ ಅದು ಖರೆ. ಸಿಲಿಂಡರಿಂದ ಕೆಳಗ ತಗೊಂಡ ಉಸರು ಮ್ಯಾಲ ಬಂದಂಗ ಉಬ್ಬತದ. ಗಚ್ಚಾಗಿ ಗಾಳಿ ತುಂಬಿದ ಟ್ಯೂಬ್ ಬಿಸಲಾಗ ಇಟ್ಟಂಗ. ಬಿಡ್ಲಿಲ್ಲಂದ್ರ ಎದಿ ಒಡೀತದ. ಮಾಸ್ತರ ಉಸರ ಹಿಡಿದ್ರ ಕಲಿಯಾಂವನೂ ಹಿಡೀತಾನ."

ಮಳೆಗಾಲಕ್ಕೆ ದೋಣಿಗಳು ನಿಂತು ಸಮುದ್ರ ಮುಚ್ಚಿತು. ಅದು ತೆರೆದ ಮೇಲೆ ಮತ್ತೊಂದು ಪರೀಕ್ಷೆ, ಅದೇ ಕೊನೆಯದು ಎಂದಳು ಮೃಣ್ಮಯಿ. ಮೇಲೇರುವಾಗ ಬಾಯಿಂದ 'ಆ' ಎಂದು ಸಣ್ಣಗೆ ದನಿ ತೆಗೆಯುತ್ತಲೇ ಇರಬೇಕು, ದನಿ ಇದ್ದರೆ ಉಸಿರು ತಾನೇ ಹೋಗುತ್ತದೆ, ಇದನ್ನು ಮೈಗೆ ಹತ್ತಿಸಿಕೊಂಡು ಬನ್ನಿ ಎಂದು ಎರಡು ಜೊತೆ ಹಳೆಯ ಸಾಮಾನು ಕೊಟ್ಟು ಕಳಿಸಿದಳು. ಸಿಲಿಂಡರ್ ನೋಡಿ ಬಸ್ಸಿನ ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಒಳಗಿರುವುದು ಬರೀ ಗಾಳಿ ಎಂದರೆ, "ಗಾಳಿ ನಮ್ಮೂರಾಗ ಇಲ್ಲೇನೋ, ಡಬ್ಬಿ ತುಂಬ್ಕೊಂಡು ಒಯ್ಯಾಕ" ಎಂದು ಸೀಟಿ ಊದಿದ. ಜಮಖಂಡಿಗೆ ತೆಂಗಿನಕಾಯಿ ತರುವ ಟೆಂಪೋದಲ್ಲಿ ಕಾಯಿಗಳ ಮೇಲೆ ಕುಂತು ಬಂದ.

ಮನೆಯಲ್ಲಿ ಅವ್ವ ಸಾವಿತ್ರೆವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. ಅಣ್ಣಾಸಾಹೇಬ ಕೇಳಿಸಿಕೊಂಡದ್ದು ಒಂದೇ ಮಾತು.

"ಅಂದ್ರ ನಾ ಕಲಿಸಿದ್ದು ತಪ್ಪ ಅಂದ್ಲೇನು ಆಕಿ?"

"ತಪ್ಪಲ್ಲಂತ. ಸಿಲಿಂಡರಿಗೆ ನಡ್ಯಂಗಿಲ್ಲಂತ."

"ನೀರಿಗೆ ನಡ್ಯೂದು ಸಿಲಿಂಡರಿಗೆ ಯಾಕ ನಡ್ಯಂಗಿಲ್ಲ? ನಡಿ, ನೋಡೇ ಬಿಡೂಣು."

"ಈ ವಯಸ್ಸಿನ್ಯಾಗ ಇದೇನ ಹುಚ್ಚರೀ ನಿಮಗ?" ಎಂದಳು ಸಾವಿತ್ರೆವ್ವ. ಅಣ್ಣಾಸಾಹೇಬ ಆಗಲೇ ಧೋತರ ಮೇಲೆ ಕಟ್ಟಿದ್ದ. ಬೇಡ ಎನ್ನುವ ಧೈರ್ಯ ಬಸವಕುಮಾರನಿಗೆ ಬರಲಿಲ್ಲ. ಅಪ್ಪ ತನ್ನಿಂದ ಏನಾದರೂ ಕಲಿಯುವುದನ್ನು ನೋಡುವ ಆಸೆಯೂ ಅವನಿಗಿತ್ತು.

ಕಲ್ಲುಬಾವಿಯಲ್ಲಿ ಮೊಣಕಾಲುದ್ದ ನೀರಿನ ಮೆಟ್ಟಿಲ ಮೇಲೆ ಅಪ್ಪನನ್ನು ಕೂಡಿಸಿ ಎಲ್ಲ ಹೇಳಿದ. ಉಸಿರು ಹಿಡಿಯಬಾರದು ಎಂದು ಮತ್ತೆ ಮತ್ತೆ ಹೇಳಿದ. ಅಣ್ಣಾಸಾಹೇಬ ಗೋಣು ಹಾಕಿದ. ಊರಿನ ಸಭೆಗಳಲ್ಲಿ ಬೇರೆಯವರ ಭಾಷಣಕ್ಕೆ ಅವನು ಹಾಕುವ ಗೋಣು ಅದೇ.

ಇಬ್ಬರೂ ಕೈ ಹಿಡಿದು ತಳಕ್ಕೆ ಇಳಿದರು. ಕೆಲ ಹೊತ್ತು ಎಲ್ಲವೂ ಛಲೋ ನಡೆಯಿತು. ಜೀವನವಿಡೀ ಒಂದೇ ಉಸಿರಲ್ಲಿ ಮುಟ್ಟಿ ಓಡಿಬಂದ ತಳದಲ್ಲಿ ಅಪ್ಪ ಈಗ ಆರಾಮಾಗಿ ಕುಂತು ಕಲ್ಲು ತಿರುವಿ ನೋಡುತ್ತಿದ್ದ. ಅವನ ಬಾಯಿಂದ ಗುಳ್ಳೆಗಳು ಸರಸರ ಮೇಲೆ ಹೋಗುತ್ತಿದ್ದವು. ಬಸವಕುಮಾರನಿಗೆ ಹೆಮ್ಮೆಯೆನಿಸಿತು.

ಆಮೇಲೆ ಅಪ್ಪನಿಗೆ ಸಾಕೆನಿಸಿತು. ಸಾಕೆಂದು ಕೈಸನ್ನೆ ಮಾಡುವುದನ್ನು ಮರೆತು, ಬಾವಿಯಲ್ಲಿ ಸದಾ ಮಾಡಿದಂತೆಯೇ ಮಾಡಿದ. ಎದೆ ತುಂಬ ಉಸಿರೆಳೆದು, ಬಾಯಿ ಬಿಗಿದು, ತಳಕ್ಕೆ ಕಾಲೊತ್ತಿ ಜಿಗಿದ. ಬಸವಕುಮಾರ ಅವನ ಕಾಲು ಹಿಡಿದ. ಅಣ್ಣಾಸಾಹೇಬ ಒದ್ದ. ಮಗ ಸೊಂಟಕ್ಕೆ ಕೈಹಾಕಿ ಜೋತುಬಿದ್ದ. ಅಪ್ಪನ ಬಾಯಿಂದ ಗುಳ್ಳೆಗಳೇ ಬರುತ್ತಿರಲಿಲ್ಲ. ನೀರಿನಲ್ಲಿ ಬಸವಕುಮಾರನಿಗೆ ಹೆದರಿಕೆಯಾದದ್ದು ಅದೇ ಮೊದಲು. ತನ್ನ ಬಾಯಿಂದಲೂ ಗುಳ್ಳೆ ಬರುತ್ತಿಲ್ಲವೆಂಬುದು ಆಗ ಅವನಿಗೆ ಕಂಡಿತು.

ಅವನು ಒದರಿದ. ನಳಿಕೆ ಕಚ್ಚಿಕೊಂಡೇ, ಗಂಟಲು ಹರಿಯುವಂತೆ, 'ಆ' ಎಂದು. ಬಾವಿಯ ಕಲ್ಲಿಗೆ ಬಡಿದು ಆ ದನಿ ಗೂಳಿ ಕೂಗಿದಂತೆ ತಿರುಗಿ ಬಂತು.

ಅಣ್ಣಾಸಾಹೇಬನಿಗೆ ಪಾಠ ನೆನಪಾಗಲಿಲ್ಲ. ಮಗನಿಗೆ ಏನೋ ಆಯಿತು ಎಂದಷ್ಟೇ ತಿಳಿಯಿತು. ನಳಿಕೆಯೊಳಗೇ ಮಗನ ಹೆಸರು ಹಿಡಿದು ಕೂಗಿದ. ಗುಳ್ಳೆಗಳು ದಬದಬ ಹೊರಟವು. ಒಬ್ಬ ಒದರುತ್ತ, ಇನ್ನೊಬ್ಬ ಕೂಗುತ್ತ, ತಬ್ಬಿಕೊಂಡೇ ಇಬ್ಬರೂ ನಿಧಾನವಾಗಿ ಮೇಲೆ ಬಂದರು.

"ಏನಾತಲೇ ನಿನಗ?" ಎಂದ ಅಪ್ಪ, ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತ.

"ನನಗೇನೂ ಆಗಿಲ್ಲ. ನೀ ಉಸರ ಬಿಡ್ಲಿ ಅಂತ ಒದರಿದೆ."

ಅಣ್ಣಾಸಾಹೇಬ ಕೆಟ್ಟದಾಗಿ ಬೈದು, ಧೋತರ ಹಿಂಡಿಕೊಂಡು ಮನೆಗೆ ಹೋದ. ಸಮುದ್ರ ತೆರೆಯುವವರೆಗೆ ಬಸವಕುಮಾರ ಒಬ್ಬನೇ ಬಾವಿಗಿಳಿದು, 'ಆ' ಎನ್ನುತ್ತ ಮೇಲೇರಿದ. ಸಿಲಿಂಡರ್ ಬರಿದಾದ ಮೇಲೂ ಬರಿಮೈಯಲ್ಲಿ ಅದನ್ನೇ ಮಾಡಿದ. ದಾರಿಯಲ್ಲಿ ಹೋಗುವವರು ಅಣ್ಣಾಸಾಹೇಬನ ಬಾವಿಗೆ ಎಮ್ಮೆ ಬಿದ್ದಿದೆ ಎಂದು ಬಗ್ಗಿ ನೋಡಿ ಹೋಗುತ್ತಿದ್ದರು.

ಪರೀಕ್ಷೆಯಲ್ಲಿ ಮೃಣ್ಮಯಿ ಮತ್ತೆ ಅದೇ ಆಟ ಹೂಡಿದಳು. ಈ ಸಲ ಅವನು ಜೋತಾಡುವ ನಳಿಕೆಯನ್ನು ಗಾಬರಿಯಾದವನ ಬಾಯಿಗೆ ಕೊಟ್ಟ. ತಾನು ಗುಳ್ಳೆ ಬಿಡುತ್ತ, ಅವನಿಂದಲೂ ಬಿಡಿಸುತ್ತ ನಿಧಾನವಾಗಿ ಕರೆತಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಪಾಸ್ ಮಾಡಿದಳು.

ದಂಡೆಗೆ ಬಂದು ಮನೆಗೆ ಫೋನ್ ಹಚ್ಚಿದ. ಅಣ್ಣಾಸಾಹೇಬ ಎತ್ತಿದ.

"ಅಪ್ಪಾ, ಪಾಸಾದೆ. ಇನ್ನ ಮ್ಯಾಲ ನಾನೂ ಮಾಸ್ತರ."

ಫೋನ್ ಕಡಿದುಹೋಯಿತೆಂದು ಬಸವಕುಮಾರ ಎರಡು ಸಲ ಹಲೋ ಅಂದ.

"ಇಲ್ಲೇ ಅದೀನಿ," ಎಂದ ಅಣ್ಣಾಸಾಹೇಬ. "ನೀ ಸಣ್ಣಾಂವಿದ್ದಾಗ ತಂಬಗಿ ಒಗದು ನಿನ್ನ ಕಳಸ್ತಿದ್ನೆಲ್ಲಾ, ಆವಾಗ ಮೆಟ್ಟಲ ಮ್ಯಾಲ ನಿಂತು ನಾನೂ ಉಸರ ಹಿಡೀತಿದ್ನಿ. ನಂದು ಮುಗೀತಿತ್ತಪಾ. ನೀ ಇನ್ನೂ ಬರ್ತಿದ್ದಿಲ್ಲ."